ಪಾರ್ಕಿನಲ್ಲಿ ಊದಿದ ಕ್ಲಾರ್ನೆಟ್

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಬ್ಯಾಂಡ್‌ಸೆಟ್ಟಿಗೆ ಸೇರಿದವನು ನಾನು. ಅದಕ್ಕೆ ಯಾವತ್ತೂ ನಾಚಿಕೆಪಟ್ಟಿಲ್ಲ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆ ಮದುವೆ ಮೆರವಣಿಗೆ ಅಂದರೆ ನಮ್ಮ ಸೆಟ್ಟೇ ಬೇಕು ಅನ್ನುವ ಹಾಗೆ ದುಡಿದಿದ್ದೇನೆ. ಜಗಳೂರು ದಾಟಿಯೂ ಹೋಗಿ ಊದಿ ಬಂದದ್ದುಂಟು. ಮುಂದಿನ ಕ್ಲಾರ್ನೆಟ್ ನನ್ನದು, ಪಕ್ಕದ್ದು ನನ್ನ ತಮ್ಮನದು.

ಹೋದ ಮಳೆಗಾಲದಲ್ಲಿ ನನಗೆ ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿದವು. ಬಾಯಿಯ ಎಡಗಡೆ ಮಾತ್ರ ಜೋಮು ಹಿಡಿದ ಹಾಗೇ ಉಳಿಯಿತು; ಟೀ ಕುಡಿದರೆ ಅಂಗಿ ಮೇಲೆ ಸುರಿಯುತ್ತದೆ. ಮದುವೆ ಸೀಸನ್ ಹತ್ತಿರ ಬಂದು ನ್ಯಾಮತಿಯ ಒಂದು ಮದುವೆ ಒಪ್ಪಿಕೊಂಡಾಗಿದ್ದರೂ ಈ ಸಲ ಮುಂದೆ ಯಾರು ನಿಲ್ಲುವುದು ಅಂತ ನನ್ನನ್ನು ಕೇಳುವ ಧೈರ್ಯ ಸೆಟ್ಟಿನಲ್ಲಿ ಯಾರಿಗೂ ಇಲ್ಲ. ನಾನೂ ಊದಿ ನೋಡಿರಲಿಲ್ಲ. ಬರೀ ಗಾಳಿ ಬಂದು, ಅಡುಗೆಮನೆಯಲ್ಲಿದ್ದ ಹೆಂಡತಿ ಅದನ್ನು ಕೇಳಿಸಿಕೊಂಡುಬಿಟ್ಟರೆ?

ಆಗ ತಮ್ಮ ಮೊಬೈಲಿನಲ್ಲಿ ಒಂದು ಸುದ್ದಿ ತೋರಿಸಿದ. ದಾವಣಗೆರೆಯ ಪಾರ್ಕಿನಲ್ಲಿ ಜಾಝ್ ಹಬ್ಬ, ಬಯಲಲ್ಲೇ ಕಛೇರಿ, ಟಿಕೆಟ್ ಇಲ್ಲ, ಬಂದವರು ವಾದ್ಯ ಹಿಡಿದು ನುಡಿಸಿಯೂ ನೋಡಬಹುದು.

"ಜಾಝ್ ಅಂದ್ರೆ ಏನಲೇ?"

"ನಮ್ ಬ್ಯಾಂಡ್ ಇದ್ದಂಗೇ ಐತಣ್ಣ. ಮುಂದೆ ಬಿದ್ದು ಹೊರಳಾಡಾಕೆ ಕುಡುಕ್ರು ಇರಲ್ಲ, ಅಷ್ಟೇ."

ನಗು ಬಂತು. ಗುರುತಿಲ್ಲದವರ ನಡುವೆ ಊದುವುದೇ ವಾಸಿ ಅನ್ನಿಸಿತು. "ಅಲ್ಲಿ ಸ್ವರ ಬಂದ್ರೆ ಮುಂದೆ ನಾನೇ ನಿಲ್ತೀನಿ. ಬರ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ," ಅಂದೆ. ಹಬ್ಬದ ದಿನ ಅವನೂ ಜೊತೆಗೆ ಬಂದ.

ಪಾರ್ಕಿನಲ್ಲಿ ಮಕ್ಕಳು ಉದ್ದನೆ ಬಟ್ಟೆಯ ಮೇಲೆ ಬಣ್ಣ ಬಳಿಯುತ್ತಿದ್ದರು. ವಾಕಿಂಗಿಗೆ ಬಂದ ಹೆಂಗಸರನ್ನು ಸುತ್ತ ನಿಲ್ಲಿಸಿಕೊಂಡು ಯಾರೋ ಚಪ್ಪಾಳೆಯಲ್ಲಿ ತಾಳ ಹೇಳಿಕೊಡುತ್ತಿದ್ದರು. ವೇದಿಕೆಯಲ್ಲಿ ಡ್ರಮ್ಮು ಜೋರಾಗಿತ್ತು. ವಾದ್ಯಗಳ ಟೇಬಲ್ಲಿನ ಹಿಂದಿದ್ದ ಹುಡುಗಿ ಕ್ಲಾರ್ನೆಟ್ಟಿನ ಬಾಯಿ ಒರೆಸಿ ಕೊಡುತ್ತಾ, "ಅಂಕಲ್, ಮುಂಚೆ ಹಿಡಿದಿದ್ರಾ?" ಅಂದಳು.

"ನೀನು ಹುಟ್ಟೋ ಮುಂಚೆಯಿಂದ ಕಣಮ್ಮ."

ಕಣ್ಣು ಮುಚ್ಚಿ ಊದಿದೆ. ಎಡಗಡೆಯಿಂದ ಗಾಳಿ ಸೋರಿತು. ಗದ್ದ ಬಿಗಿಮಾಡಿ ಮತ್ತೆ ಊದಿದೆ. ಸ್ವರ ಬಂತು! ದುಂಡಗೆ, ತುಂಬಿಕೊಂಡು. ಮೆರವಣಿಗೆ ಹೊರಡುವಾಗ ನಾನು ಯಾವಾಗಲೂ ಎತ್ತುವ ರಾಗ. ಬೆರಳು ತಾವೇ ಓಡಿದವು. ಸುತ್ತ ಜನ ಸೇರಿದ್ದು ಗೊತ್ತಾಯಿತು. ಇಷ್ಟು ತಿಂಗಳು ಸುಮ್ಮನೆ ಹೆದರಿ ಕೂತಿದ್ದೆನಲ್ಲ ಅಂತ ನನ್ನನ್ನೇ ಬೈದುಕೊಂಡೆ. ಉಸಿರು ಎಳೆದುಕೊಳ್ಳಲು ನಿಲ್ಲಿಸಿದೆ.

ಸ್ವರ ನಿಲ್ಲಲಿಲ್ಲ.

ಕಣ್ಣು ಬಿಟ್ಟು ತಿರುಗಿದರೆ ತಮ್ಮ. ನನ್ನ ಬೆನ್ನ ಹಿಂದೆ ಅದೇ ಟೇಬಲ್ಲಿನ ಇನ್ನೊಂದು ಕ್ಲಾರ್ನೆಟ್ ಹಿಡಿದು ಊದುತ್ತಿದ್ದ. ನಡೆಯುತ್ತಾ ಊದುವಾಗ ಮುಂದಿನವನ ಉಸಿರು ಕಟ್ಟಿದರೆ ಪಕ್ಕದವನು ತಕ್ಷಣ ಅದೇ ಸ್ವರ ಹಿಡಿಯಬೇಕು, ಬೀಗರಿಗೆ ಗೊತ್ತಾಗಬಾರದು. ಇದು ನಮ್ಮ ಸೆಟ್ಟಿನ ಪದ್ಧತಿ. ಅವನು ಮೀಸೆ ಬರುವ ಮೊದಲೇ ಕಲಿತದ್ದು.

ಜನ ಚಪ್ಪಾಳೆ ಹೊಡೆದರು.

"ಮೊದ್ಲಿಂದ್ಲೂ ನೀನೇನಾ?"

"ಬೇಕಂತ ಮಾಡ್ಲಿಲ್ಲಣ್ಣ. ನಿನ್ನ ಗಾಳಿ ಸೋರಿದ್ದು ಕೇಳ್ತು, ಕೈ ತಾನೇ ಹೋತು."

"ನಂದು ಒಂದು ಸ್ವರನಾದ್ರೂ ಬಂತಾ?"

"ಬಂದಿರ್ಬೇಕು," ಅಂದ. ನೆಲ ನೋಡಿದ. "ನನ್ ಸದ್ದಿನಾಗೆ ಕೇಳ್ಲಿಲ್ಲ." ಆಮೇಲೆ, "ಇನ್ನೊಂದ್ಸಲ ಊದಣ್ಣ, ನಾ ದೂರ ಹೋಗ್ತೀನಿ," ಅಂತ ತನ್ನ ಕ್ಲಾರ್ನೆಟ್ ಟೇಬಲ್ಲಿಗಿಟ್ಟು ಗೇಟಿನ ಕಡೆ ಹೊರಟೇಬಿಟ್ಟ.

ಊದಿದೆ. ಗಾಳಿ. ಆ ಹುಡುಗಿ ಬಾಯಿಗೆ ಕಟ್ಟಿದ ರೀಡು ಸರಿಯಾಗಿಲ್ಲವೇನೋ ಅಂತ ಬದಲಾಯಿಸಿ ಕೊಟ್ಟಳು. ಮತ್ತೆ ಗಾಳಿಯೇ. ಗದ್ದಕ್ಕೆ ಇಳಿದ ಜೊಲ್ಲು ಒರೆಸಿಕೊಂಡು ಕ್ಲಾರ್ನೆಟ್ಟನ್ನು ಟೇಬಲ್ಲಿನ ಮೇಲಿಟ್ಟೆ.

ತಮ್ಮ ಗೇಟಿನ ಹತ್ತಿರ ನನಗೆ ಬೆನ್ನು ಹಾಕಿ ನಿಂತಿದ್ದ. ಹತ್ತಿರ ಹೋಗಿ, "ನ್ಯಾಮತಿ ಮದುವೆಗೆ ಮುಂದೆ ನೀನೇ ನಿಲ್ಲಪ್ಪ," ಅಂದೆ. ಅಲುಗಾಡಲಿಲ್ಲ. ಭುಜ ಮುಟ್ಟಿದಾಗ ತಿರುಗಿದ. ಎರಡೂ ಕಿವಿಗೆ ಬೆರಳು ಇಟ್ಟುಕೊಂಡಿದ್ದ.

"ಏನಂದೆ ಅಣ್ಣ?"

ಒಂದು ಸಲ ಹೇಳುವುದಕ್ಕೇ ನನ್ನಲ್ಲಿದ್ದ ಗಟ್ಟಿತನವೆಲ್ಲ ಖರ್ಚಾಗಿತ್ತು. ಆದರೂ ಅವನ ಬೆರಳು ತೆಗೆಸಿ ಇನ್ನೊಂದು ಸಲ ಹೇಳಿದೆ.