ಹಕ್ಕಿ ಮುದ್ರೆಯ ಸೂರು

ನಮ್ಮ ಮನೆಯ ಸೂರಿನಲ್ಲಿ ಒಂದು ಹೆಂಚು ಮಾತ್ರ ಬೇರೆ. ಹೊರಗಿನಿಂದ ಗೊತ್ತಾಗುವುದಿಲ್ಲ. ನಡುಮನೆಯಲ್ಲಿ ಅಂಗಾತ ಮಲಗಿದವರಿಗಷ್ಟೇ ಕಾಣುತ್ತದೆ. ಹೋದ ತಿಂಗಳು ಅಮ್ಮ ತೀರಿಕೊಂಡದ್ದು ಅದರ ಕೆಳಗೆ. ಅಪ್ಪ ಹೋದದ್ದೂ ಅಲ್ಲಿಯೇ. ಆ ಹೆಂಚು ಯಾಕೆ ಬೇರೆ ಎಂದು ತಿಳಿದವಳು ಈಗ ನಾನೊಬ್ಬಳೇ ಉಳಿದಿದ್ದೇನೆ.

ಅಪ್ಪನಿಗೆ ಮಾಲೂರಿನಲ್ಲಿ ಸಣ್ಣದೊಂದು ಹೆಂಚಿನ ಕಾರ್ಖಾನೆ ಇತ್ತು. ಮಣ್ಣು ಹಸಿಯಾಗಿರುವಾಗಲೇ ಹೆಂಚಿನ ಒಳಮೈಗೆ ಕಾರ್ಖಾನೆಯ ಗುರುತು ಒತ್ತುವುದು ರೂಢಿ. ನಮ್ಮ ಗುರುತು ಜೋಡಿ ರಾಗಿ ತೆನೆ. ಮಾಸ್ತಿಯಲ್ಲೋ ಮುಳಬಾಗಿಲಿನಲ್ಲೋ ನೆಂಟರ ಮನೆಗೆ ಹೋದಾಗ ಅಪ್ಪ ಮೊದಲು ತಲೆಯೆತ್ತಿ ಸೂರು ನೋಡುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ಮದ್ರಾಸಿನ ದಲ್ಲಾಳಿಯೊಬ್ಬರ ಮೂಲಕ ದೊಡ್ಡ ಆರ್ಡರ್ ಬಂತು. ಸಮುದ್ರದಾಚೆಯ ಒಂದು ದೇಶದಲ್ಲಿ ಕೆಲಸಗಾರರ ಮನೆಗಳಿಗೆ ಹೆಂಚು ಬೇಕಿತ್ತು. ಕೊಳ್ಳುವ ಕಟ್ಟಡ ಕಂಪನಿ ಅಲ್ಲಿನ ಸರ್ಕಾರದ್ದೇ. ಅಪ್ಪನಿಗೆ ಅದೇ ದೊಡ್ಡ ಧೈರ್ಯ. ಸರ್ಕಾರ ಎಲ್ಲಿಗೆ ಓಡಿಹೋಗುತ್ತದೆ ಎನ್ನುತ್ತಿದ್ದರು. ಕರಾರಿನ ಕಾಗದದ ಮೇಲೆ ಆ ದೇಶದ ಮುದ್ರೆ, ಪಕ್ಕಕ್ಕೆ ತಿರುಗಿ ಕುಳಿತ ಹಕ್ಕಿ, ಅಚ್ಚಾಗಿತ್ತು. ಹೆಂಚಿನ ಮೇಲೆ ಅದು ಇರಬೇಕೆಂದು ಯಾರೂ ಕೇಳಿರಲಿಲ್ಲ. ಅವರ ಮನೆಗೆ ಅವರದೇ ಗುರುತು ಇರಲಿ ಎಂದು ಅಪ್ಪನೇ ನಮ್ಮ ತೆನೆಯ ಅಚ್ಚು ತೆಗೆಸಿ ಹಕ್ಕಿಯ ಅಚ್ಚು ಮಾಡಿಸಿದರು.

ಅಚ್ಚು ಕೆತ್ತಿದವನು ಹಕ್ಕಿಯ ಮುಖವನ್ನು ನಮ್ಮ ಕಡೆಗೆ ತಿರುಗಿಸಿಬಿಟ್ಟಿದ್ದ. ಭಟ್ಟಿಯಿಂದ ಬಂದ ಮೊದಲ ಹೆಂಚನ್ನು ನಮ್ಮ ಭಟ್ಟಿ ಮೇಸ್ತ್ರಿ ಸಾಬರು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಎರಡು ದುಂಡು ಕಣ್ಣು, ನಡುವೆ ಕೊಕ್ಕು. "ಯಜಮಾನ್ರೇ, ಇದು ಗೂಬೆ ಆಗೋಯ್ತಲ್ಲ" ಅಂದರು. ಅಪ್ಪ ನಕ್ಕರು. ಆ ಊರಲ್ಲಿ ಗೂಬೆಗೆ ಯಾರು ಹೆದರುತ್ತಾರೆ ಎಂದು ಭಟ್ಟಿ ಉರಿಸಲು ಹೇಳಿದರು.

ಹೆಂಚು ಸಿದ್ಧವಾಯಿತು. ಹಡಗು ಬರಲಿಲ್ಲ. ಬರೆದ ಕಾಗದಗಳಿಗೆ ಇಲ್ಲ ಎಂಬ ಉತ್ತರವೂ ಬರಲಿಲ್ಲ. ನಮ್ಮ ಕಾರ್ಖಾನೆಯ ಅಂಗಳದ ತುಂಬ ಒಂದರ ಪಕ್ಕ ಒಂದು ನಿಂತ ಹೆಂಚುಗಳ ನಡುವೆ ಸಂಜೆ ಬರುವಾಗ ನಾನು ತಲೆ ತಗ್ಗಿಸಿ ಬೇಗಬೇಗ ನಡೆಯುತ್ತಿದ್ದೆ. ಅಗ್ಗಕ್ಕೆ ಕೊಡುತ್ತೇವೆಂದರೂ ನಮ್ಮ ಸೀಮೆಯಲ್ಲಿ ಯಾರೂ ಒಯ್ಯಲಿಲ್ಲ. ಮನೆಯ ಮೇಲೆ ಒಂದು ಗೂಬೆ ಕೂತರೇ ಶಾಂತಿ ಮಾಡಿಸುವ ಜನ. ಸೂರಿನ ತುಂಬ ಗೂಬೆ ಕೂರಿಸಿಕೊಂಡು ಯಾರು ಮಲಗುತ್ತಾರೆ?

ಅಪ್ಪ ಕೋಲಾರದ ಲಾಯರ ಬಳಿ ಹೋದರು. ಅಮ್ಮನ ಜೊತೆ ನಾನೂ ಹೋಗಿದ್ದೆ. ಲಾಯರು ಕರಾರು ಓದಿ, ಕನ್ನಡಕ ತೆಗೆದು, ನಿಧಾನವಾಗಿ ಹೇಳಿದರು. ಅದು ಹೆಸರಿಗೆ ಕಂಪನಿ, ಹಿಂದೆ ಇರುವುದು ದೇಶ. ಪರದೇಶದ ಸರ್ಕಾರದ ಮೇಲೆ ಇಲ್ಲಿ ದಾವೆ ಹಾಕಬೇಕಾದರೆ ದಿಲ್ಲಿಯ ಒಪ್ಪಿಗೆ ಬೇಕು. ದಿಲ್ಲಿಯವರು ಕೊಟ್ಟರೆ ಕೊಟ್ಟರು. ಗೆದ್ದರೂ ಅವರ ವಸ್ತುವನ್ನು ಜಪ್ತಿ ಮಾಡಲು ನಮ್ಮ ಕೋರ್ಟಿನ ಅಮೀನ ಹೋಗುವಂತಿಲ್ಲ.

ಅಮ್ಮ ಸೆರಗು ಸರಿಮಾಡಿಕೊಂಡು ಕೇಳಿದರು. "ಹೆಂಚು ಕೊಳ್ಳೋದು ರಾಜರ ಕೆಲಸಾನಾ ಸ್ವಾಮಿ? ಅಂಗಡಿಯೋರ ಕೆಲಸ ಮಾಡ್ದಾಗ ಅಂಗಡಿಯೋರ ಥರಾನೇ ಜವಾಬು ಕೊಡ್ಬೇಕಲ್ವಾ?"

ಬೇರೆ ದೇಶಗಳ ಜಡ್ಜುಗಳು ಈಗೀಗ ಇದೇ ಮಾತು ಆಡುತ್ತಿದ್ದಾರೆ, ನಮ್ಮಲ್ಲಿ ಇನ್ನೂ ಹಾಗಿಲ್ಲ ಎಂದರು ಲಾಯರು. ದಿಲ್ಲಿಗೆ ಅರ್ಜಿ ಹೋಯಿತು. ಬಹಳ ಕಾಲದ ಮೇಲೆ ಒಪ್ಪಿಗೆ ಇಲ್ಲವೆಂದು ಬಂತು.

ಅಪ್ಪ ಆಮೇಲೆ ಕೂಗಾಡಲಿಲ್ಲ. ನಮ್ಮ ಮನೆಯ ಹಳೆಯ ಹೆಂಚು ಇಳಿಸಿ, ಸೂರಿಗೆಲ್ಲ ಆ ಹಕ್ಕಿ ಹೆಂಚನ್ನೇ ಹೊದಿಸಿದರು. ಅಮ್ಮ ಬೇಡವೆಂದು ಅತ್ತರು. "ಸುಮ್ನಿರೇ. ಇದು ಅವರ ಮುದ್ರೆ. ಇದರ ಕೆಳಗೆ ಯಾವ ಅಮೀನನೂ ಬರಂಗಿಲ್ಲ" ಅಂದರು ಅಪ್ಪ. ತಮಾಷೆಯೆಂದುಕೊಂಡೆವು. ಆದರೆ ಅವರು ಹೊರಗೆ ಹೋಗುವುದನ್ನು ಕಡಿಮೆ ಮಾಡಿದರು. ಸೂರಿನ ಕೆಳಗೆ ಇದ್ದರೆ ಮಾತ್ರ ನೆಮ್ಮದಿ ಎನ್ನುವಂತೆ ಇರತೊಡಗಿದರು.

ಕೆಲವು ವರ್ಷಗಳಾದ ಮೇಲೆ ಅವರಿಗೆ ಲಕ್ವ ಹೊಡೆಯಿತು. ನಡುಮನೆಯಲ್ಲಿ ಮಲಗಿಸಿದೆವು. ಈ ವಾರ ದಾಟುವುದಿಲ್ಲ ಎಂದು ಡಾಕ್ಟರು ಹೇಳಿದರು. ಶ್ರೀನಿವಾಸಪುರದಿಂದ ಅತ್ತೆಯವರು ಬಂದು, ಕಾದು, ತಿರುಗಿ ಹೋದರು. ಆ ಮಳೆಗಾಲ ಕಳೆಯಿತು, ಮಾವಿನ ಕಾಲವೂ ಬಂತು. ಮೈಯೆಲ್ಲ ಹುಣ್ಣಾಗಿ, ನೀರು ಗಂಟಲಿಳಿಯದೆ, ಅಪ್ಪ ಹಾಗೇ ಇದ್ದರು. ಕಣ್ಣು ಮಾತ್ರ ಮೇಲಿನ ಒಂದು ಹೆಂಚಿನ ಮೇಲೆ. ಅವರು ರೆಪ್ಪೆ ಹೊಡೆಯುವುದು ಕಡಿಮೆಯಾಗುತ್ತ ಬಂದಂತೆ, ನೋಡುತ್ತಿರುವುದು ಯಾರು, ನೋಡಿಸಿಕೊಳ್ಳುತ್ತಿರುವುದು ಯಾರು ಎಂದು ನನಗೆ ತಿಳಿಯದೆ ಹೋಗುತ್ತಿತ್ತು.

ಒಂದು ದಿನ ಒದ್ದೆ ಬಟ್ಟೆಯಲ್ಲಿ ತುಟಿ ಒರೆಸುತ್ತಿದ್ದೆ. ಅಪ್ಪ ತೊದಲುತ್ತ ಅಂದರು: "ಈ ಮುದ್ರೆ ಕೆಳಗೆ ಬರೋಕೆ ಅವನೂ ದಿಲ್ಲೀಲಿ ಕೇಳ್ಬೇಕು ಅನ್ಸುತ್ತೆ ಕಣಮ್ಮ."

ಅವನು ಎಂದರೆ ಯಮನೆಂದು ನನಗೆ ತಿಳಿಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿಸಿಕೊಂಡರು. ಜೀವ ಹೋಗದೆ ಒದ್ದಾಡುವವರ ತಲೆಯ ಮೇಲಿನ ಹೆಂಚು ಸರಿಸುವುದು ನಮ್ಮ ಕಡೆ ಹಿರಿಯರು ಮಾಡಿಕೊಂಡು ಬಂದದ್ದು. ಆ ಮಧ್ಯಾಹ್ನವೇ ಅಮ್ಮ ಸಾಬರಿಗೆ ಹೇಳಿಕಳಿಸಿದರು.

ಸಾಬರಿಗೆ ಆಗಲೇ ವಯಸ್ಸಾಗಿತ್ತು. ಏಣಿ ಹಾಕಿ ತಾವೇ ಹತ್ತಿದರು. "ಯಾವ್ದಮ್ಮಾ?" ಎಂದು ಮೇಲಿನಿಂದ ಕೂಗಿದರು. ಅಮ್ಮ ನನ್ನ ಕಡೆ ತಿರುಗಿದರು. ನಾನು ಅಪ್ಪನ ತಲೆಯ ಪಕ್ಕ ತಲೆಯಿಟ್ಟು ಮಲಗಿ, ಅವರ ಕಣ್ಣು ನೆಟ್ಟಲ್ಲಿಗೆ ಕಣ್ಣು ನೆಟ್ಟು, ಉದ್ದನೆಯ ಕೋಲಿನಿಂದ ಆ ಹೆಂಚನ್ನು ಕೆಳಗಿನಿಂದ ತಟ್ಟಿದೆ.

"ಇದು. ಇದನ್ನೇ ತೆಗೀರಿ."

ಹೆಂಚು ಸರಿಯಿತು. ಹಲಗೆಯಂಥ ಬಿಸಿಲು ಅಪ್ಪನ ಮುಖದ ಮೇಲೆ ಬಿತ್ತು. ತಿಂಗಳುಗಟ್ಟಲೆ ತೆರೆದೇ ಇದ್ದ ರೆಪ್ಪೆಗಳನ್ನು ಅವರು ಮೆಲ್ಲಗೆ ಮುಚ್ಚಿದರು. ಆ ಬಿಸಿಲು ಎದೆಯವರೆಗೆ ಇಳಿಯುವುದರೊಳಗೆ ಉಸಿರು ನಿಂತಿತ್ತು.

ಕಾರ್ಯವೆಲ್ಲ ಮುಗಿದ ಮೇಲೆ ಸಾಬರು ಅದೇ ಹೆಂಚನ್ನು ಕೂರಿಸಲು ಹೋದರು. ಎಷ್ಟು ಒತ್ತಿದರೂ ಅದು ತನ್ನ ಜಾಗದಲ್ಲಿ ಕೂರಲಿಲ್ಲ. ಹೆಂಚು ಬಾಗಿರಲಿಲ್ಲ, ಅದು ಕೂರುವ ಮರದ ರೀಪರೂ ಸರಿದಿರಲಿಲ್ಲ. ಅವರು ಇಳಿದುಬಂದು, ಹಿತ್ತಿಲಲ್ಲಿ ಪೇರಿಸಿದ್ದ ನಮ್ಮ ಹಳೆಯ ಹೆಂಚುಗಳಲ್ಲಿ ಒಂದನ್ನು ಒರೆಸಿ ಮೇಲೆ ಒಯ್ದರು. ಅದು ಸುಮ್ಮನೆ ಕೂತಿತು.

ಅದರ ಕೆಳಗೆ ಅಮ್ಮ ಹಾಸಿಗೆ ಹಾಸಿಕೊಂಡರು, ಕೊನೆಯವರೆಗೂ ಅಲ್ಲಿಂದ ಕದಲಲಿಲ್ಲ. ಈಗ ನಾನು ಹಾಸಿಕೊಳ್ಳುತ್ತೇನೆ. ಸುತ್ತ ಅಷ್ಟೂ ಕಣ್ಣುಗಳು ಇನ್ನೂ ತೆರೆದೇ ಇವೆ. ನಡುವೆ, ನನ್ನ ಮುಖದ ಮೇಲೆ, ಜೋಡಿ ರಾಗಿ ತೆನೆ.