ಫುಲ್ವಿಯಾ ಹತ್ತಿದ ಹದಿನಾಲ್ಕು ಮನೆಗಳ ಮೆಟ್ಟಿಲು

ಬೆಳಗಿನ ಐದೂ ಮುಕ್ಕಾಲು. ಇಟಲಿಯ ಬಂದರು ನಗರ ತ್ರಿಯೆಸ್ತೆಯ ಸಾನ್ ಜಾಕೊಮೊ ಬಡಾವಣೆಯಲ್ಲಿ ಬೋರಾ ಗಾಳಿ ಕಸದ ಡಬ್ಬಿಗಳನ್ನು ಬೀದಿಯುದ್ದಕ್ಕೂ ಉರುಳಿಸಿಕೊಂಡು ಹೋಗುತ್ತಿದೆ. ಬೇಕರಿಯ ಪಕ್ಕ, ಎರಡು ಮೆಟ್ಟಿಲು ಇಳಿದರೆ ಸಿಗುವ ಅಂಗಡಿಯಲ್ಲಿ ಅರವತ್ತೊಂದರ ಫುಲ್ವಿಯಾ ಕ್ರೆವಾತಿನ್ ಒಂದು ಪುಟ್ಟ ಕಾಫಿ ಯಂತ್ರಕ್ಕೆ ಕಿವಿಗೊಟ್ಟು ಕೂತಿದ್ದಾರೆ. ಬಾಯ್ಲರ್ ಕಾಯುತ್ತಿದೆ. ಸೇಫ್ಟಿ ವಾಲ್ವ್ ಸುಯ್ಯೆಂದು ಉಸಿರು ಬಿಟ್ಟ ಮೇಲೆಯೇ ಅವರು ತಲೆ ಎತ್ತುವುದು.

ಬಾಗಿಲು ತಳ್ಳಿಕೊಂಡು ಬಂದವಳ ಹೆಸರು ಒಂದಿನಾ. ಆಸ್ಪತ್ರೆಯ ನರ್ಸ್, ಪಾಳಿ ಮುಗಿಸಿ ಮನೆಗೆ ಹೊರಟವಳು.

"ಸಿಯೋರಾ, ಮನೆಗೊಂದು ಮಷೀನ್ ತಗೋಬೇಕು. ಬಟನ್ ಒತ್ತಿದ್ರೆ ಅದೇ ಬೀಜ ಪುಡಿ ಮಾಡಿ, ಹಾಲು ನೊರೆ ಬರಿಸಿ ಕೊಡ್ಬೇಕು."

"ಎಷ್ಟು ಜನ ಕುಡಿಯೋರು?"

"ನಾನೊಬ್ಳೇ. ಅಮ್ಮಂಗೆ ಡಾಕ್ಟ್ರು ಬೇಡ ಅಂದಿದಾರೆ."

"ನೀನೊಬ್ಳಿಗೆ ಅಷ್ಟು ದೊಡ್ಡದಾ! ದಿನಾ ಅದರ ಹೊಟ್ಟೆ ತೊಳೆಯೋರು ಯಾರು?"

"ಪಾಳಿ ಮುಗಿಸಿ ಬಂದ್ರೆ ನನ್ನ ಮುಖ ತೊಳ್ಕೊಳ್ಳೋದೇ ಹೆಚ್ಚು."

"ಹಾಗಾದ್ರೆ ವಾರದಲ್ಲಿ ಆ ಹಾಲಿನ ನಳಿಗೇಲಿ ಹುಳ ಸಾಕ್ತೀಯ. ಎಲ್ಲಿ, ಕೈ ಕೊಡು." ಫುಲ್ವಿಯಾ ಅವಳ ಮಣಿಕಟ್ಟು ಹಿಡಿದು ಒಮ್ಮೆ ತಿರುಚುತ್ತಾರೆ. "ಬಲ ಇದೆ. ಹಿಡಿ ಒತ್ತೋ ಚಿಕ್ಕ ಮಷೀನೇ ಸಾಕು ನಿಂಗೆ. ಆದ್ರೆ ಎಲ್ಲಿಂದ ತಗೊಂಡ್ರೂ ಮನೆಗೆ ಒಯ್ಯೋ ಮೊದ್ಲು ಇಲ್ಲಿಗೆ ತಾ. ಬಿಚ್ಚಿ ನೋಡ್ಬೇಕು."

"ಹೊಸದಾದ್ರೂನಾ?"

"ಹೊಸದಾದ್ರೂ."

ದಿನಕ್ಕೆ ಏಳೆಂಟು ಯಂತ್ರಗಳ ರಿಪೇರಿ ಅವರ ಹೊಟ್ಟೆಪಾಡು. ಯಾವುದನ್ನು ಕೊಳ್ಳಲಿ ಎಂದು ಕೇಳಿಕೊಂಡು ಬರುವವರು ಶನಿವಾರವೊಂದೇ ದಿನ ಇಪ್ಪತ್ತಕ್ಕೆ ಕಡಿಮೆಯಿಲ್ಲ. ಆ ಸಲಹೆ ಪುಕ್ಕಟೆ. ಬೆಲೆ, ಬಣ್ಣಗಳ ಮಾತನ್ನು ಅವರು ಎತ್ತುವುದೇ ಇಲ್ಲ. ಮನೆಯಲ್ಲಿ ಮೊದಲು ಏಳುವವರು ಯಾರು, ಒಂದರ ಹಿಂದೊಂದು ಎಷ್ಟು ಲೋಟ ಬೇಕು, ಕೆಟಲ್‌ನ ತಳದಲ್ಲಿ ಸುಣ್ಣ ಎಷ್ಟು ದಪ್ಪ ಕಟ್ಟುತ್ತದೆ ಎಂದಷ್ಟೇ ಕೇಳುತ್ತಾರೆ. ಹತ್ತರಲ್ಲಿ ನಾಲ್ಕು ಮಂದಿಗೆ, "ಒಲೆ ಮೇಲಿಡೋ ನಿಮ್ಮಜ್ಜಿಯ ಮೋಕಾ ಪಾತ್ರೆ ಚೆನ್ನಾಗೇ ಇದೆ, ವಾಷರ್ ಬದಲಾಯಿಸ್ಕೊಂಡು ಹೋಗಿ" ಎಂದು ಬರಿಗೈಯಲ್ಲೇ ಕಳಿಸುತ್ತಾರೆ.

ಫುಲ್ವಿಯಾರ ತಂದೆ ಬಂದರಿನಲ್ಲಿ ಕಾಫಿ ಮೂಟೆ ಹೊತ್ತವರು. ಮಗಳು ಹದಿನೇಳಕ್ಕೆ ಮನೆಬಳಕೆಯ ಕಾಫಿ ಯಂತ್ರಗಳ ಕಾರ್ಖಾನೆ ಸೇರಿ ಇಪ್ಪತ್ತೆರಡು ವರ್ಷ ಬಾಯ್ಲರ್ ಬೆಸೆದರು. ಅಷ್ಟೂ ವರ್ಷ ಪಕ್ಕದ ಮಣೆಯಲ್ಲಿ ಕೂತು ಬೆಸೆಯುತ್ತಿದ್ದವನು ದಾರಿಯೊ. ಮಧ್ಯಾಹ್ನದ ಬುತ್ತಿ ಹಂಚಿಕೊಂಡು ತಿಂದವನು, ಫುಲ್ವಿಯಾರ ಗಂಡ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಕಾರ್ಖಾನೆ ಮುಚ್ಚಿದ ಮೇಲೆ ಇವರು ರಿಪೇರಿಗೆ ಇಳಿದರು, ಅವನು ಹಳೆಯ ಯಂತ್ರಗಳನ್ನು ಸರಿಮಾಡಿ ಮಾರತೊಡಗಿದ. ಹೊಸದನ್ನು ಕೊಳ್ಳಲಾಗದವರಿಗೆ ಯಾವ ಯಂತ್ರ ಹೊಂದುತ್ತದೆಂದು ಚೀಟಿಯಲ್ಲಿ ಬರೆದು ಫುಲ್ವಿಯಾ ಅವನ ಬಳಿಗೇ ಕಳಿಸುತ್ತಿದ್ದರು. ಒಂದೇ ವರ್ಷದಲ್ಲಿ ಹಾಗೆ ಕಳಿಸಿದ್ದು ಹದಿನಾಲ್ಕು ಮನೆಯವರನ್ನು.

ಕಳೆದ ನವೆಂಬರಿನ ಒಂದು ಸಂಜೆ ಬೇಕರಿಯ ನೊರ್ಮಾ, ದಾರಿಯೊ ಬಳಿ ಕೊಂಡಿದ್ದ ತನ್ನ ಯಂತ್ರವನ್ನು ಮಗುವಿನಂತೆ ಎತ್ತಿಕೊಂಡು ಬಂದಳು. ಹಿಡಿ ಸಡಿಲವಾಗಿತ್ತು, ಅಷ್ಟೇ.

"ಒಳ್ಳೇ ಮಷೀನ್ ಕೊಡಿಸಿದ್ರಿ ಸಿಯೋರಾ. ಒಂದು ಚೂರು ಸದ್ದಿಲ್ಲ. ಬೆಕ್ಕಿನ ಥರ ಇರುತ್ತೆ."

ಸದ್ದಿಲ್ಲ ಎಂದದ್ದೇ ಫುಲ್ವಿಯಾರ ಕೈ ನಿಂತಿತು. ಆ ಬಗೆಯ ಹಳೆಯ ಯಂತ್ರ ಬಿಸಿಯಾದಾಗ ಸದ್ದು ಮಾಡಲೇಬೇಕು. ಕುಕ್ಕರಿನಂತೆ, ಹೆಚ್ಚಾದ ಆವಿ ಹೊರಹೋಗಲು ಅದಕ್ಕಿರುವುದು ಅದೊಂದೇ ದಾರಿ. ವಾಲ್ವ್ ಬಿಚ್ಚಿದರು. ತೂತಿನೊಳಗೆ ಒಂದು ಸ್ಕ್ರೂ, ಅದರ ಮೇಲೆ ಬೆಸುಗೆ. ಜೋಳದ ಕಾಳಿನಂಥ, ನುಣ್ಣನೆಯ, ಒಂದಿಷ್ಟೂ ಚೆಲ್ಲದ ಬೆಸುಗೆ. ಊರಿನಲ್ಲಿ ಹಾಗೆ ಬೆಸೆಯಬಲ್ಲವನು ಒಬ್ಬನೇ.



ನಿಂತಲ್ಲಿಂದಲೇ ದಾರಿಯೊಗೆ ಫೋನ್ ಮಾಡಿದರು.

"ವಾಲ್ವಿಗೆ ಬೆಸುಗೆ ಹಾಕಿದೀಯಲ್ಲೋ!"

"ಹೂಂ. ಸುಯ್‌ಗುಟ್ಟುತ್ತೆ, ಜಿನುಗುತ್ತೆ ಅಂತ ಜನ ವಾಪಸ್ ತರ್ತಿದ್ರು. ಮುಚ್ಚಿದ್ಮೇಲೆ ಒಬ್ರೂ ತಂದಿಲ್ಲ ನೋಡು."

"ಆವಿ ಎಲ್ಲಿಗೆ ಹೋಗ್ಬೇಕು?"

"ಬಿಸಿಯಾದ ತಕ್ಷಣ ಸ್ವಿಚ್ ಆರಿಸ್ತಾರೆ. ಜನ ಏನು ದಡ್ಡರಾ?"

"ಮರೆತ್ರೆ?"

ಫುಲ್ವಿಯಾ ಆ ವಾಲ್ವನ್ನು ದೀಪದ ಬೆಳಕಿಗೆ ಹಿಡಿದರು.

"ಎಷ್ಟಕ್ಕೆ ಹೀಗೆ ಮಾಡಿದೀಯ ದಾರಿಯೊ?"

"ನೀನು ಕಳಿಸಿದೋರಿಗೆ ಮಾರಿದ ಎಲ್ಲದಕ್ಕೂ."

ಫೋನ್ ಇಟ್ಟವರೇ ಫುಲ್ವಿಯಾ ಅವನ ಬಳಿಗೆ ಕಳಿಸಿದವರ ಹೆಸರುಗಳನ್ನು ಒಂದೊಂದಾಗಿ ಬರೆದುಕೊಂಡರು. ಮೋಸಕ್ಕಿಂತ ಅವರನ್ನು ನಡುಗಿಸಿದ್ದು ಅವನ ದನಿ. ಅದರಲ್ಲಿ ಅಳುಕಿರಲಿಲ್ಲ.

ನೊರ್ಮಾಳದ್ದು ಬಿಟ್ಟು ಹದಿಮೂರು. ಒಂಬತ್ತು ಮನೆಯವರು ಫೋನಿಗೆ ಸಿಕ್ಕರು, ಸ್ವಿಚ್ ಹಾಕಲೇಬೇಡಿ ಎಂದು ಹೇಳಿದ್ದಾಯಿತು. ಉಳಿದ ನಾಲ್ವರ ನಂಬರ್ ಇರಲಿಲ್ಲ, ಬೀದಿಯ ಹೆಸರಷ್ಟೇ ನೆನಪಿತ್ತು. ಇಡೀ ಊರು ಕಾಫಿಗೆ ಸ್ವಿಚ್ ಹಾಕುವುದು ಬೆಳಿಗ್ಗೆ. ಮರುದಿನ ಐದಕ್ಕೆಲ್ಲ ಫುಲ್ವಿಯಾ ಹೊರಬಿದ್ದು, ಬಾಗಿಲುಗಳ ಮೇಲಿನ ಹೆಸರು ಓದುತ್ತ ಮನೆ ಹುಡುಕಿದರು. ಮೂರು ಮನೆಗಳಲ್ಲಿ ನಿದ್ದೆಗಣ್ಣಿನವರ ಬೈಗುಳ ತಿಂದು, ಪ್ಲಗ್ ಕಿತ್ತು, ವಾಲ್ವ್ ಬಿಚ್ಚಿ ಜೇಬಿಗೆ ಹಾಕಿಕೊಂಡರು. ನಾಲ್ಕನೆಯದು ಬಸ್ ಓಡಿಸಿ ನಿವೃತ್ತರಾದ ಎಜಿದಿಯೊ ಅವರದು. ಕಿವಿ ಮಂದ, ಮನೆ ಐದನೇ ಮಹಡಿ, ಲಿಫ್ಟ್ ಇಲ್ಲ. ಅಲ್ಲಿಗೆ ಮುಟ್ಟುವಾಗ ಆರೂವರೆ.

ಬಾಗಿಲು ತೆರೆದ ಎಜಿದಿಯೊ ಅವರ ಅರ್ಧ ಮುಖದಲ್ಲಿ ಕ್ಷೌರದ ನೊರೆ ಇತ್ತು.

"ಮಷೀನ್ ಹಾಕಿದೀರಾ?"

"ಏನು?"

"ಮಷೀನ್! ಮಷೀನ್!"

"ಹಾಕಿ ಆಗ್ಲೇ ಕಾಲು ಗಂಟೆ ಆಯ್ತು. ಗಡ್ಡ ಆಗ್ಲಿ, ಕುಡಿದ್ರಾಯ್ತು ಅಂತ..."

ಅಡುಗೆಮನೆಯಲ್ಲಿ ಯಂತ್ರ ಮೇಜಿನ ಮೇಲೆ ಸಣ್ಣಗೆ ಅದುರುತ್ತಿತ್ತು. ಸದ್ದು ಮಾತ್ರ ಇರಲಿಲ್ಲ. ಫುಲ್ವಿಯಾ ಪ್ಲಗ್ ಕಿತ್ತವರೇ ಮುದುಕರ ಅಂಗಿ ಹಿಡಿದು ಹೊರಗೆ ದಬ್ಬಿದರು. ಹೊಸ್ತಿಲು ದಾಟುವಷ್ಟರಲ್ಲಿ ಬಾಯ್ಲರಿನ ಮುಚ್ಚಳ ಹಾರಿತು. ದೀಪ ಚೂರಾಯಿತು, ಚಾವಣಿಯ ಗಾರೆ ಉದುರಿತು, ಕುದಿನೀರು ಗೋಡೆಯಿಂದ ಗೋಡೆಗೆ ಚಿಮ್ಮಿತು. ಸ್ವಲ್ಪ ಫುಲ್ವಿಯಾರ ಎಡತೋಳಿಗೂ. ಎಜಿದಿಯೊ ಕೂರುತ್ತಿದ್ದ ಕುರ್ಚಿಯ ಬೆನ್ನಿಗೆ ಮುಚ್ಚಳ ನಾಟಿಕೊಂಡಿತ್ತು.

ನೊರೆ ಮೆತ್ತಿದ ಮುಖದಲ್ಲೇ ಮುದುಕರು ಆ ಕುರ್ಚಿಯನ್ನು ನೋಡಿದರು. ಆಮೇಲೆ ಕೇಳಿದರು: "ಹಾಗಾದ್ರೆ ಇವತ್ತು ಕಾಫಿ ಇಲ್ವಾ?"

"ನಗು ಬಂತು. ನಗ್ತಾ ನಗ್ತಾ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ" ಎನ್ನುತ್ತಾರೆ ಫುಲ್ವಿಯಾ.

ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ನೇರ ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿದರು. ದೂರಿನಲ್ಲಿ ತಮ್ಮ ಹೆಸರನ್ನೂ ಬಿಡಲಿಲ್ಲ. ಆಮೇಲೆ ನೊರ್ಮಾಳದ್ದೂ ಸೇರಿ ಉಳಿದ ಹತ್ತು ಮನೆಗಳ ಮೆಟ್ಟಿಲನ್ನೂ ಹತ್ತಿ ನಡೆದದ್ದನ್ನು ಹೇಳಿ ಬಂದರು. ಅಂಗಡಿಯ ಬಾಗಿಲಿಗೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದರು: 'ದಾರಿಯೊ ಬಳಿಗೆ ನಿಮ್ಮನ್ನು ಕಳಿಸಿದ್ದು ನಾನು. ಬಿಚ್ಚಿ ನೋಡದೆ ಕಳಿಸಿದೆ. ತಪ್ಪು ನನ್ನದೂ ಹೌದು.'

ಮೂರು ವಾರ ಒಂದು ನರಪಿಳ್ಳೆಯೂ ಆ ಮೆಟ್ಟಿಲು ಇಳಿಯಲಿಲ್ಲ. ಮೊದಲು ಬಂದವರು ಎಜಿದಿಯೊ. "ನಂಗೆ ಇನ್ನೊಂದು ಆರಿಸ್ಕೊಡಿ" ಎಂದರು. ಕಿವಿ ಕೇಳದ ಮನುಷ್ಯನಿಗೆ ಹಳೆಯ ಬಾಯ್ಲರ್ ಯಂತ್ರವನ್ನು ಮೊದಲೇ ಸೂಚಿಸಬಾರದಿತ್ತು ಎಂದು ಫುಲ್ವಿಯಾ ಈಗಲೂ ಕೊರಗುತ್ತಾರೆ. ಈ ಸಲ ಆರಿಸಿದ್ದು ಬಿಸಿಯಾದೊಡನೆ ತಾನೇ ಆರುವ, ದೊಡ್ಡ ಕೆಂಪು ದೀಪದ ಯಂತ್ರ. ಕೊಡುವ ಮೊದಲು ಅವರ ಕಣ್ಣೆದುರೇ ಬಿಚ್ಚಿ, ಜೋಡಿಸಿ, ಮೂರು ಸಲ ಕಾಯಿಸಿ ತೋರಿಸಿದರು.

ದಾರಿಯೊ ಅಂಗಡಿಗೆ ಬೀಗ ಬಿದ್ದಿದೆ, ಮೊಕದ್ದಮೆ ನಡೆಯುತ್ತಿದೆ. ಫುಲ್ವಿಯಾ ಸಾಕ್ಷಿ ಹೇಳಿ ಬಂದಿದ್ದಾರೆ. ಅಲ್ಲಿ ಅವನ ಮುಖ ನೋಡಿದಿರಾ ಎಂದರೆ, ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಡುತ್ತಾರೆ.

"ನೋಡ್ದೆ. ಬುತ್ತಿ ಹಂಚಿಕೊಳ್ತಿದ್ದ ಅದೇ ಮುಖ. ಬೇರೆ ಥರ ಕಂಡಿದ್ರೆ ಸಮಾಧಾನ ಆಗ್ತಿತ್ತೇನೋ."

ಈಗ ಅವರಿಗೆ ಒಂದೇ ಆಸೆ. ಊರಿನ ಕಸುಬು ಶಾಲೆಯಲ್ಲಿ ಬೆಸುಗೆ ಕಲಿಯುವ ಹುಡುಗ ಹುಡುಗಿಯರಿಗೆ ವರ್ಷಕ್ಕೊಮ್ಮೆ ಒಂದು ಗಂಟೆ ಪಾಠ ಹೇಳಬೇಕು. ಎರಡು ಸಲ ಪತ್ರ ಬರೆದರೂ ಮುಖ್ಯೋಪಾಧ್ಯಾಯರಿಂದ ಉತ್ತರವಿಲ್ಲ.

"ಬೆಸೆಯೋದನ್ನ ಅವರ ಮೇಷ್ಟ್ರು ಕಲಿಸ್ಲಿ, ನನಗಿಂತ ಚೆನ್ನಾಗೇ ಕಲಿಸ್ತಾರೆ" ಎನ್ನುತ್ತಾರೆ ಫುಲ್ವಿಯಾ. "ಎಲ್ಲಿ ಬೆಸೀಬಾರ್ದು ಅನ್ನೋದಷ್ಟೇ ನನ್ನ ಪಾಠ. ಒಂದು ಗಂಟೆ ಸಾಕು. ಕ್ಲಾಸಿಗೆಲ್ಲ ಕಾಫಿ ನಾನೇ ಮಾಡ್ಕೊಡ್ತೀನಿ."