ಎರಡರಿಂದ ಮೂರಕ್ಕೆ ಯಾವಾಗ?

ಕಾರಿನ ಗೇರಿನ ಹಿಡಿಯ ನೆತ್ತಿಯ ಮೇಲೆ ಒಂದು ಪುಟ್ಟ ನಕ್ಷೆ ಇರುತ್ತದೆ, ನೀವೂ ನೋಡಿರುತ್ತೀರಿ. ಒಂದು ಎಡಗಡೆ ಮೇಲೆ, ಎರಡು ಅದರ ಕೆಳಗೆ, ಮೂರು ನಡುವೆ ಮೇಲೆ, ಹೀಗೆ ಐದರವರೆಗೆ ಅಂಕಿಗಳು ತಮ್ಮ ತಮ್ಮ ಸ್ಥಾನಗಳಲ್ಲಿ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಶಿಸ್ತಾಗಿ ನಿಂತಿರುತ್ತವೆ. ಯಾವ ಗೇರು ಎಲ್ಲಿದೆ ಎಂಬುದನ್ನು ಇಷ್ಟು ಅಚ್ಚುಕಟ್ಟಾಗಿ ಹೇಳುವ ಆ ನಕ್ಷೆ, ಅಲ್ಲಿಗೆ ಯಾವಾಗ ಹೋಗಬೇಕು ಎಂಬುದರ ಬಗ್ಗೆ ಮಾತ್ರ ತುಟಿ ಬಿಚ್ಚುವುದಿಲ್ಲ. ನಮ್ಮ ಕಾರಿನಲ್ಲಂತೂ ಅಂಕಿಗಳೂ ಸವೆದುಹೋಗಿ, ಮೂರರ ಬಾಲ ಮತ್ತು ಐದರ ಹೊಟ್ಟೆ ಮಾತ್ರ ಉಳಿದಿವೆ. ಹದಿನೈದು ವರ್ಷ ಅದನ್ನು ಸವೆಸಿದ ಅಂಗೈ ನನ್ನದಲ್ಲ, ನನ್ನ ಹೆಂಡತಿ ವನಜಾಳದು.

ಇಲ್ಲಿ ನನ್ನ ಉದ್ಯೋಗವನ್ನು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕತೆಯಾದೀತು. ನಾನು ಪುಣೆಯ ಹತ್ತಿರದ ಚಾಕಣದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗೇರುಗಳನ್ನು ಪರೀಕ್ಷಿಸುವವನು. ಗೇರಿನ ಒಂದೊಂದು ಹಲ್ಲನ್ನೂ ಅಳೆದು, ಕೂದಲೆಳೆಯ ಹತ್ತನೆಯ ಒಂದು ಪಾಲಿನಷ್ಟು ಹೆಚ್ಚು ಕಡಿಮೆ ಇದ್ದರೂ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುವುದು ನನ್ನ ಕೆಲಸ. ಕೆಂಪು ಚೀಟಿ ಎಂದರೆ ತಿರಸ್ಕೃತ, ಹಸಿರು ಎಂದರೆ ಅಂಗೀಕೃತ. ಇವೆರಡರ ನಡುವೆ ಹಳದಿಯದೊಂದಿದೆ, ತಿದ್ದಿದರೆ ಆದೀತು ಎಂದು ಅದರ ಅರ್ಥ. ನಾನು ಹಸಿರು ಚೀಟಿ ಕಟ್ಟಿದ ಗೇರುಗಳು ದೇಶದ ರಸ್ತೆಗಳ ಮೇಲೆಲ್ಲ ಓಡಾಡುತ್ತಿವೆ. ನಾನು ಮಾತ್ರ ಕಂಪನಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮೋಶಿಯ ಮನೆಗೆ ಬರುತ್ತಿದ್ದೆ. ಲೈಸನ್ಸ್ ಇರಲಿಲ್ಲವೆಂದಲ್ಲ. ಹುಮ್ಮಸ್ಸಿನ ಕಾಲದಲ್ಲಿ ಪಡೆದದ್ದೊಂದಿತ್ತು. ಪರೀಕ್ಷೆಯ ದಿನ ಮೈದಾನದಲ್ಲಿ ಎಂಟರ ಆಕಾರದಲ್ಲಿ ಸುತ್ತಬೇಕಿತ್ತು, ಅದನ್ನು ಮೊದಲನೆಯ ಗೇರಿನಲ್ಲೇ ಸುತ್ತಿ ಪಾಸಾಗಿದ್ದೆ. ಆದ್ದರಿಂದ ನನ್ನ ಅರ್ಹತೆ ಮೊದಲನೆಯ ಗೇರಿಗೆ ಮಾತ್ರ ಸೀಮಿತವೆಂದು ನಾನು ವಿನಯದಿಂದ ನಂಬಿದ್ದೆ. ಆಮೇಲೆ ಆ ಲೈಸನ್ಸು ಲಾಡ್ಜಿನವರಿಗೆ ಗುರುತಿಗೆ ತೋರಿಸಲು ಬಳಕೆಯಾಗುತ್ತ ಬಂತು.

ಕಳೆದ ವರ್ಷ, ಇಲ್ಲಿ ಸೊಸೈಟಿ ಎನ್ನುವ ನಮ್ಮ ವಸತಿ ಸಮುಚ್ಚಯದ ಮೆಟ್ಟಿಲು ತೊಳೆದು ಬಿಟ್ಟಿದ್ದ ನೀರಿನಲ್ಲಿ ವನಜಾ ಜಾರಿದಳು. ಬಲಗೈಯ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ದಿನ ಆ ಕೈಯನ್ನು ನೋಡಿದೆ; ತೆಳ್ಳಗಾಗಿ, ಬಿಳಿಚಿ, ಮಣಿಕಟ್ಟು ಹಲಗೆಯಂತೆ ಸೆಟೆದಿತ್ತು. ಡಾಕ್ಟರು ನಗರದ ಇನ್ನೊಂದು ಕಡೆಯ ಖರಾಡಿಯ ತಮ್ಮ ಆಸ್ಪತ್ರೆಗೇ ಆರು ವಾರ, ವಾರಕ್ಕೆ ಮೂರು ಸಲ ವ್ಯಾಯಾಮಕ್ಕೆ ಬರಬೇಕೆಂದರು. ತಪ್ಪಿಸಿದರೆ ಏನಾಗುತ್ತದೆ ಎಂದು ಅವಳೇ ಕೇಳಿದಳು. ಕೈ ಹೀಗೇ ಉಳಿಯಬಹುದು, ಸ್ಟೀರಿಂಗ್ ತಿರುಗಿಸುವುದನ್ನು ಆಮೇಲೆ ಮರೆಯಬೇಕಾದೀತು ಎಂದರು. ಗದಗದಿಂದ ಮದುವೆಯಾಗಿ ಈ ಊರಿಗೆ ಬಂದು, ಯಾರನ್ನೂ ಕೇಳದೆ ಗಾಡಿ ಕಲಿತು, ಸಂತೆಗೂ ಸಂಬಂಧಿಕರ ಮನೆಗೂ, ಬಸ್ಸು ತಪ್ಪಿದ ದಿನ ನನ್ನನ್ನು ಕಾರ್ಖಾನೆಗೂ ಒಯ್ದು ಬಿಟ್ಟವಳು ಅವಳು. ಆ ಕಾರು ಹೋದರೆ ಅವಳ ಪುಣೆಯೇ ಹೋದಂತೆ.

ಮೊದಲ ಎರಡು ಸಲ ಬಾಡಿಗೆ ಕಾರಿನಲ್ಲಿ ಹೋದೆವು. ಎರಡನೆಯ ಸಲದ ಚಾಲಕ ಪ್ರತಿ ಹಂಪಿನ ಮೇಲೂ ಹಾರಿಸಿದ. ವನಜಾ ಕೈಯನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮನೆಗೆ ಬಂದ ಮೇಲೆ ಹೇಳಿದಳು:

"ನಿಮ್ಮ ಕಡೆ ಲೈಸನ್ಸ್ ಅದಲ್ರೀ. ನೀವ ನಡಸ್ರಿ."

"ನಾ? ನಂಗ ಎಲ್ಲಿ ಬರ್ತದ?"

"ಬರೂದಿಲ್ಲಂತ ನಂಗೂ ಗೊತ್ತದ. ಅದಕ್ಕ ಸಾವಕಾಶ ನಡಸ್ತೀರಿ."

ಕೆಳಗಿನ ಮನೆಯ ಮೈಸೂರಿನ ಹುಡುಗ, ಖರಾಡಿಯಲ್ಲೇ ಕಂಪ್ಯೂಟರ್ ಕೆಲಸದಲ್ಲಿರುವವನು, ನನ್ನ ಸಂಕಟ ಕೇಳಿ, "ಅಂಕಲ್, ಸುಮ್ನೆ ಆಟೋಮ್ಯಾಟಿಕ್ ತಗೊಂಡ್ಬಿಡಿ, ಟೆನ್ಷನ್ನೇ ಇರಲ್ಲ" ಎಂದ. ಅವನ ಮಾತು ಸರಿಯಾಗಿಯೇ ಇತ್ತು. ಆದರೆ ಗೇರು ಪರೀಕ್ಷಕನೊಬ್ಬ ಗೇರು ಹಾಕಲು ಬಾರದೆ ಕಾರನ್ನೇ ಬದಲಿಸಿದನೆಂಬ ಸುದ್ದಿ ಚಾಕಣಕ್ಕೆ ಮುಟ್ಟಿದರೆ ಆಗುವ ಮಾನಹಾನಿಯನ್ನು ನೆನೆದು, ಬೆಳಗಿನ ಪಾಳಿ ಹಾಕಿಸಿಕೊಂಡು, ಪ್ರತಿ ಸಂಜೆ ಸೊಸೈಟಿಯ ಸುತ್ತ ಅಭ್ಯಾಸಕ್ಕೆ ತೊಡಗಿದೆ.

ನನ್ನ ಅಭ್ಯಾಸವೆಂದರೆ ಮೊದಲು ಕಾಗದದ ಮೇಲೆ. ಎಲ್ಲ ಕಡೆ ವಿಚಾರಿಸಿ ಒಂದು ಪಟ್ಟಿ ತಯಾರಿಸಿದೆ. ಇಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮೀಟರೊಂದು ಸ್ಟೀರಿಂಗಿನ ಹಿಂದೆ ಇದೆಯಲ್ಲ, ಅದರ ಮುಳ್ಳು ಎರಡು ಸಾವಿರಕ್ಕೆ ಬಂದಾಗ ಮೇಲಿನ ಗೇರು, ಒಂದು ಸಾವಿರದ ಹತ್ತಿರ ಇಳಿದಾಗ ಕೆಳಗಿನ ಗೇರು. ಎಷ್ಟು ಸರಳ! ಇಷ್ಟನ್ನು ಗೇರಿನ ಹಿಡಿಯ ಮೇಲೆ ಅಚ್ಚು ಹಾಕಿಸದ ಕಾರು ತಯಾರಕರ ಸೋಮಾರಿತನಕ್ಕೆ ಮರುಕಪಟ್ಟೆ. ಪಟ್ಟಿಯನ್ನು ದುಂಡಗೆ ಬರೆದು ಕಾರಿನಲ್ಲಿ ಗಣಪತಿಯ ಪಕ್ಕ ಅಂಟಿಸಿದೆ. ವನಜಾ ಅದನ್ನು ಓದಿ, "ಗೇರ ಹಾಕ್ಲಿಕ್ಕೂ ಮುಹೂರ್ತ ಬೇಕೇನ್ರೀ ನಿಮಗ?" ಎಂದಳು. ಮುಹೂರ್ತವೇ ಬೇಕಿತ್ತು. ಅಳತೆಯಿಲ್ಲದ ಸಂಗತಿಯನ್ನು ನಂಬುವುದು ನನ್ನ ವೃತ್ತಿಧರ್ಮಕ್ಕೆ ವಿರುದ್ಧ. ನೀನು ಹೇಗೆ ಹಾಕುತ್ತೀ ಎಂದು ಕೇಳಿದರೆ ಅವಳ ಉತ್ತರ ಒಂದೇ: "ಗಾಡಿ ಹೇಳ್ತದ." ನನಗೆ ಅದು ಏನೂ ಹೇಳುತ್ತಿರಲಿಲ್ಲ. ಏನನ್ನಾದರೂ ಹೇಳಬೇಕೆಂದಿರುವವರು ಯಾರೂ ಹಾಗೆ ಒಂದೇ ಸಮನೆ ಗುರುಗುಟ್ಟುವುದಿಲ್ಲ.

ಎರಡು ವಾರ ಎಲ್ಲ ಸರಿಯಾಗಿ ನಡೆಯಿತು. ಆಸ್ಪತ್ರೆಗೆ ಹೋಗುವ ಆಳಂದಿಯ ದಾರಿಯಲ್ಲಿ ಸೈಕಲ್ಲುಗಳು ನಮ್ಮನ್ನು ಗೌರವದಿಂದ ದಾಟಿ ಹೋದವು. ಈಗ ಹೇಳಬೇಕಾದದ್ದು ಮೂರನೆಯ ವಾರದ ಶುಕ್ರವಾರದ ಮಾತು. ಅದನ್ನು ನಿಧಾನವಾಗಿ ಹೇಳುತ್ತೇನೆ.

ಖರಾಡಿಗೆ ಸ್ವಲ್ಪ ಮೊದಲು ಒಂದು ಸೇತುವೆಯ ಏರು ಇದೆ. ಸಂಜೆ ಐದಕ್ಕೆ ಹತ್ತು ನಿಮಿಷ ಇತ್ತು. ಮುಂದೆ ಇಟ್ಟಿಗೆ ತುಂಬಿದ ಲಾರಿ, ನಡುವೆ ಎರಡು ಕಾರುಗಳಷ್ಟು ಅಂತರ. ನಾನು ಎರಡನೆಯ ಗೇರಿನಲ್ಲಿದ್ದೆ. ನಾನು ನೋಡುತ್ತಿದ್ದದ್ದು ಲಾರಿಯನ್ನಲ್ಲ, ಏರನ್ನೂ ಅಲ್ಲ, ಮೀಟರಿನ ಮುಳ್ಳನ್ನು. ಅದು ಎರಡು ಸಾವಿರವನ್ನು ಮುಟ್ಟಿತು. ನಾನು ಕ್ಲಚ್ ಒತ್ತಿ ಮೂರಕ್ಕೆ ಹಾಕಿದೆ. ವನಜಾ "ರೀ, ಬ್ಯಾಡ" ಎಂದದ್ದು ಕೇಳಿಸಿತು. ಕಾರು ಎರಡು ಸಲ ಕುಲುಕಿ ನಿಂತಿತು. ಇಂಜಿನ್ನಿನ ಸದ್ದು ಹೋಯಿತು. ಹೆದರಿ ಮತ್ತೆ ಕ್ಲಚ್ ಒತ್ತಿದೆ, ಬಲಗಾಲು ಬ್ರೇಕನ್ನು ಹುಡುಕಲಿಲ್ಲ, ಅದಕ್ಕೆ ತಾನೆಲ್ಲಿದ್ದೇನೆಂಬುದೇ ಮರೆತಿತ್ತು. ಲಾರಿ ನಮ್ಮಿಂದ ದೂರ ಹೋಗತೊಡಗಿತು. ಲಾರಿ ಮುಂದೆ ಹೋಗುತ್ತಿಲ್ಲ, ನಾವು ಹಿಂದೆ ಜಾರುತ್ತಿದ್ದೇವೆ ಎಂದು ತಿಳಿಯಲು ನನಗೆ ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಕನ್ನಡಿಯಲ್ಲಿ ಒಂದು ಸ್ಕೂಟರು ಕಂಡಿತು, ಅದರ ಮೇಲೆ ಬಿಳಿ ಟೋಪಿಯ ಒಬ್ಬ ಮುದುಕರು. ಅವರು ಎರಡೂ ಕಾಲು ನೆಲಕ್ಕೂರಿ ಸ್ಕೂಟರನ್ನು ಹಿಂದಕ್ಕೆ ನೂಕಲು ಹೆಣಗುತ್ತಿದ್ದರು. ಅವರ ಬಾಯಿ ತೆರೆದಿತ್ತು.

ಅಷ್ಟರಲ್ಲಿ ನನ್ನ ಎದೆಗೆ ಒಂದು ಮೊಣಕೈ ಬಡಿಯಿತು. ವನಜಾ ಇಡೀ ಮೈ ತಿರುಗಿಸಿ, ಎಡಗೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದಿದ್ದಳು. ಕಾರು ನಿಂತಿತು.

ಇಳಿದು ನೋಡಿದೆ. ನಮ್ಮ ಬಂಪರಿಗೂ ಸ್ಕೂಟರಿನ ಮುಂದಿನ ಚಕ್ರಕ್ಕೂ ನಡುವೆ ಒಂದು ಗೇಣು. ಅಳತೆಯ ಮನುಷ್ಯ ನಾನು, ಒಂದು ಗೇಣೆಂದರೆ ಎಷ್ಟೆಂದು ಬಲ್ಲೆ. ಅದಕ್ಕಿಂತ ಚಿಕ್ಕ ಅಳತೆಯನ್ನು ನಾನು ಎಂದೂ ಅಳೆದಿಲ್ಲ ಅನ್ನಿಸಿತು. ರಸ್ತೆಯ ಮೇಲೆ ಮೆಂತ್ಯದ ಸೊಪ್ಪಿನ ಎರಡು ಕಟ್ಟುಗಳು ಬಿದ್ದಿದ್ದವು. ಅವನ್ನು ಎತ್ತಿ ಕೊಟ್ಟೆ. ಮುದುಕರು ಅಪ್ಪಟ ಮರಾಠಿಯಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡರು. ಗಾಡಿ ಬಾರದಿದ್ದರೆ ಮನೆಯಲ್ಲಿ ಕೂತು ಚಹಾ ಕುಡಿಯಬಾರದೇ ಎಂಬುದು ಅದರ ಸಾರಾಂಶ. ನಾನೂ ಮರಾಠಿಯಲ್ಲೇ, "ಚುಕಲಂ ಕಾಕಾ, ಮಾಫ ಕರಾ" ಎಂದು ಮತ್ತೆ ಮತ್ತೆ ತಪ್ಪೊಪ್ಪಿಕೊಂಡೆ. ಹಿಂದೆ ಹಾರ್ನುಗಳು ಮೊಳಗುತ್ತಿದ್ದವು. ಆಗ ವನಜಾ ಕಾರಿನಿಂದಿಳಿದು ಬಂದು ನೀರಿನ ಬಾಟಲಿ ನನ್ನ ಕೈಗಿಟ್ಟಳು.

"ಮೊದಲ ಒಂದು ಗುಟುಕು ನೀರ ಕುಡೀರಿ."

ಮುದುಕರ ಮರಾಠಿ ವಾಕ್ಯ ಅರ್ಧಕ್ಕೇ ನಿಂತಿತು.

"ಯಾವೂರವ್ವಾ ನಿಮ್ದು?"

"ಗದಗ್ರಿ, ಕಾಕಾ."

"ಹುಬ್ಬಳ್ಳಿಯಂವ ನಾ! ಅಲ್ಲೋ ಮಾರಾಯಾ, ಇಷ್ಟೊತ್ತು ಮರಾಠಿಯೊಳಗ ಬೈಸ್ಕೊಂಡ್ಯಲ್ಲ. ಮೊದಲ ಹೇಳಿದ್ರ ನೆಟ್ಟಗ ಬೈತಿದ್ನಿ!"

ಹೇಳಿದಂತೆಯೇ ಮಾಡಿದರು. ಹಿಂದಿನದೆಲ್ಲ ಲೆಕ್ಕಕ್ಕಿಲ್ಲವೆಂಬಂತೆ ಮೊದಲಿನಿಂದ ಶುರುಮಾಡಿ, ಕನ್ನಡದಲ್ಲಿ ತೃಪ್ತಿಯಾಗುವಷ್ಟು ಬೈದರು. ಕೊನೆಗೆ ಉಸಿರು ತೆಗೆದುಕೊಂಡು ಕೇಳಿದರು: "ಏರಿನಾಗ ಮ್ಯಾಲಿನ ಗೇರ ಯಾಕ ಹಾಕ್ದಿ?"

"ಮೀಟರ ಎರಡು ಸಾವಿರ ತೋರಸ್ತು, ಕಾಕಾ."

ಅವರು ವನಜಾಳ ಸೆಟೆದ ಬಲಗೈಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಏರು ಹತ್ತೂದು ಮೀಟರೇನೋ? ಗಾಡಿ ಹತ್ತತದ."

ಹಿಂದಿನವರ ಕಡೆ ತಿರುಗಿ ಮರಾಠಿಯಲ್ಲಿ "ಥಾಂಬಾ ಹೋ, ಜರಾ ಥಾಂಬಾ" ಎಂದು ಎಲ್ಲರನ್ನೂ ಕೈಯೆತ್ತಿ ತಡೆದು, ನಾನು ಮೊದಲನೆಯ ಗೇರಿನಲ್ಲಿ ಏರು ಮುಗಿಸುವವರೆಗೆ ಅಲ್ಲೇ ನಿಂತಿದ್ದರು.

ಮನೆಗೆ ಬಂದವನೇ ಕೈಚೀಲದಿಂದ ಕಾರ್ಖಾನೆಯ ಕೆಂಪು ಚೀಟಿಯೊಂದನ್ನು ತೆಗೆದು ಕಾರಿನ ಚಾವಿಗೆ ಕಟ್ಟಿ ಮೊಳೆಗೆ ತೂಗುಹಾಕಿದೆ. ತಿರಸ್ಕರಿಸಿದ್ದು ಕಾರನ್ನಲ್ಲವೆಂದು ವನಜಾಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಆ ಒಂದು ಗೇಣನ್ನು ನಾನು ಶನಿವಾರ, ಸೋಮವಾರ ಎರಡೂ ದಿನ ಕಾರ್ಖಾನೆಯಲ್ಲೂ ಅಳೆಯುತ್ತಿದ್ದೆ. ಗೇರಿನ ಹಲ್ಲಿಗೆ ಹಿಡಿದ ಉಪಕರಣದ ಮೇಲೆ ಬಿಳಿ ಟೋಪಿ ಕಾಣುತ್ತಿತ್ತು.

ಆ ಎರಡು ದಿನಗಳಲ್ಲೇ ಇನ್ನೊಂದು ಸಂಗತಿಯೂ ಗಮನಕ್ಕೆ ಬಂತು. ಯಂತ್ರ ನಡೆಸುವ ಪಾಟೀಲರೊಂದಿಗೆ ಮರಾಠಿಯಲ್ಲಿ ಮಾತಾಡುತ್ತಿದ್ದವನು, ಗೋದಾಮಿನವನು ಬಂದಾಗ ಹಿಂದಿಗೆ ಹೋದೆ, ಮೇಲಧಿಕಾರಿಯ ಫೋನಿಗೆ ಇಂಗ್ಲಿಷಿನ ಏರು ಹತ್ತಿದೆ, ಮನೆಯ ಮೆಟ್ಟಿಲಲ್ಲಿ ಮೈಸೂರಿನ ಹುಡುಗನಿಗೆ "ಹೌದಪ್ಪಾ, ಹೋಗ್ತಾ ಇದೀನಿ" ಎಂದು, ಬಾಗಿಲು ದಾಟಿ "ಚಾ ಆತೇನ?" ಎಂದೆ. ಪುಣೆಯ ಕನ್ನಡಿಗರಾದ ನಾವೆಲ್ಲ ದಿನಕ್ಕೆ ಐವತ್ತು ಸಲ ಹೀಗೆ ನಾಲಿಗೆಯ ಗೇರು ಬದಲಿಸುತ್ತೇವೆ. ಯಾವಾಗ ಎಂದು ಯಾರೂ ನಮಗೆ ಪಟ್ಟಿ ಬರೆದುಕೊಟ್ಟಿಲ್ಲ. ಎದುರಿನವರ ದನಿ ಕೇಳಿದರೆ ಸಾಕು. ಆ ಹುಬ್ಬಳ್ಳಿಯ ಕಾಕಾ ಬೈಗುಳದ ನಡುವಿನಲ್ಲೇ, ಒಂದು ಕುಲುಕಿಲ್ಲದೆ, ಬದಲಿಸಿದ್ದರು. ಬಾಯಿಗೆ ಬರುವ ವಿದ್ಯೆ ಕೈಗೆ ಬಾರದ್ದಕ್ಕೆ ಕಾರಣ ಕೈಯಲ್ಲಿರಲಿಲ್ಲ; ನಾನು ಕಿವಿಯನ್ನು ಮನೆಯಲ್ಲಿಟ್ಟು ಕಣ್ಣನ್ನು ಮಾತ್ರ ಕರೆದೊಯ್ಯುತ್ತಿದ್ದೆ. ಇದು ದೊಡ್ಡ ಜ್ಞಾನೋದಯವೇನಲ್ಲ. ಐವತ್ತೆರಡರ ವಯಸ್ಸಿಗೆ ದೊಡ್ಡದು ಸಿಕ್ಕಿದರೂ ಇಡಲು ಜಾಗವಿಲ್ಲ.

ಸೋಮವಾರ ಸಂಜೆ ಮೊಳೆಯ ಮೇಲೆ ನೋಡಿದರೆ ಚಾವಿಗೆ ನನ್ನದೇ ಕೈಚೀಲದ ಹಳದಿ ಚೀಟಿ ಕಟ್ಟಿತ್ತು. ಕೆಳಗೆ ಹೋದರೆ ವನಜಾ ಆಗಲೇ ಎಡಗಡೆಯ ಸೀಟಿನಲ್ಲಿ ಕೂತಿದ್ದಳು. ಗಣಪತಿಯ ಪಕ್ಕದ ನನ್ನ ಪಟ್ಟಿ ಮಾಯವಾಗಿತ್ತು. ಮೀಟರಿನ ಮುಖದ ಮೇಲೆ ಕೆಂಪು ಚೀಟಿ ಅಂಟಿತ್ತು.

"ಈಗ ಕೇಳ್ರಿ," ಎಂದಳು. "ಭಾಳ ಹೊತ್ತು ಒದರಿದ್ರ ಮ್ಯಾಲ. ಕೆಮ್ಮಿದ್ರ ಕೆಳಗ. ಅಷ್ಟ."

ಹೀಗೆ ನಾಲ್ಕನೆಯ ವಾರ ಕಳೆಯಿತು. ನಾನು ಒದರುವುದನ್ನೂ ಕೆಮ್ಮುವುದನ್ನೂ ನಿಧಾನವಾಗಿ ಬೇರ್ಪಡಿಸತೊಡಗಿದ್ದೆ. ಆದರೆ ಅವಳ ಮಣಿಕಟ್ಟು ಹಾಗೇ ಇತ್ತು. ಮನೆಯಲ್ಲಿ ಹಿಡಿದು ತಿರುಗಿಸಲೆಂದು ಆಸ್ಪತ್ರೆಯವರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅವಳು ಅದನ್ನು ಎರಡು ನಿಮಿಷ ಹಿಡಿದು ಕೆಳಗಿಡುತ್ತಿದ್ದಳು. ನಾನು ಒತ್ತಾಯಿಸಿದರೆ, "ಚಂಡಿಗೆ ಏನ ಕೆಲಸ ಅದ ಹೇಳ್ರಿ? ಕೆಲಸ ಇಲ್ಲದ್ದನ್ನ ಹಿಡಕೊಂಡ್ರ ಕೈಗೂ ಬ್ಯಾಸರ" ಎನ್ನುತ್ತಿದ್ದಳು. ಐದನೆಯ ವಾರದ ಬುಧವಾರ ಡಾಕ್ಟರು ಕೈಯನ್ನು ತಿರುಗಿಸಿ ನೋಡಿ, ಇನ್ನೂ ಬಾಗುತ್ತಿಲ್ಲವೆಂದು ಕಾಗದದಲ್ಲಿ ಬರೆದುಕೊಂಡರು.

ಶುಕ್ರವಾರ ಮತ್ತೆ ಅದೇ ಸೇತುವೆ. ಮುಂದೆ ಕಬ್ಬಿಣದ ಸರಳು ಹೊತ್ತ ಟ್ರಕ್ಕು ನಿಧಾನವಾಯಿತು. ನಾನು ಮೂರನೆಯ ಗೇರಿನಲ್ಲಿದ್ದೆ. ಮೀಟರಿನ ಜಾಗದಲ್ಲಿ ಕೆಂಪು ಚೀಟಿ ಮಾತ್ರ ಇತ್ತು, ಅದು ಏನನ್ನೂ ತೋರಿಸುತ್ತಿರಲಿಲ್ಲ. ಇಂಜಿನ್ನಿನ ದನಿ ತಗ್ಗಿತು, ಇನ್ನಷ್ಟು ತಗ್ಗಿತು, ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತೆ ಒಮ್ಮೆ ಕೆಮ್ಮಿತು. ಕೇಳಿಸಿತು, ನಿಜವಾಗಿ ಕೇಳಿಸಿತು. ಕ್ಲಚ್ ಒತ್ತಿದೆ. ಆದರೆ ಹಿಡಿಯ ಮೇಲಿದ್ದ ನನ್ನ ಎಡಗೈಗೆ ಬಿಳಿ ಟೋಪಿ ನೆನಪಾಗಿ ಅದು ಅಲ್ಲೇ ಮರಗಟ್ಟಿತು.

ಅದರ ಮೇಲೆ ಇನ್ನೊಂದು ಕೈ ಬಂದು ಕೂತಿತು. ಹಿಡಿಯನ್ನು ಸವೆಸಿದ್ದು ಅವಳ ಎಡಗೈ. ಈಗ ಬಂದದ್ದು ಬಲಗೈ, ತೆಳ್ಳಗೆ, ತಣ್ಣಗೆ. ಮೂರರಿಂದ ಎರಡಕ್ಕೆ ಬರಲು ಹಿಡಿಯನ್ನು ಅವಳು ಕೂತ ಕಡೆಗೆ ಎಳೆದು ಹಿಂದಕ್ಕೆ ಒತ್ತಬೇಕು. ಅಷ್ಟಾಗಲು ಮಣಿಕಟ್ಟು ಬಾಗಿ ಹೊರಳಲೇಬೇಕು. ಹೊರಳಿತು. ಅವಳ ಬಾಯಿಂದ "ಹಾ" ಎಂಬ ನೋವಿನ ಸಣ್ಣ ಸದ್ದು ಬಂತು, ಕೈ ಮಾತ್ರ ಹಿಂದೆ ಸರಿಯಲಿಲ್ಲ. ನಾನು ಕ್ಲಚ್ ಬಿಟ್ಟೆ. ಕಾರು ಒಮ್ಮೆ ಮೈ ಕೊಡವಿ ಏರು ಹತ್ತತೊಡಗಿತು.

"ವನಜಾ, ನಿನ್ನ ಕೈ..."

"ಗೊತ್ತದ. ನೀವ ಮುಂದ ನೋಡ್ರಿ."

ಮುಂದೆ ನೋಡಿದೆ. ಸೇತುವೆಯ ತುದಿ ಬಂತು, ಖರಾಡಿಯ ಕಟ್ಟಡಗಳು ಕಂಡವು, ಇಂಜಿನ್ನು ನಿರಾಳವಾಗಿ ಒದರತೊಡಗಿತು. ಈಗ ಮೇಲಕ್ಕೆ ಎಂದು ನನಗೂ ಗೊತ್ತಾಯಿತು, ಅವಳಿಗೂ ಗೊತ್ತಾಗಿರಬೇಕು. ಯಾರ ಕೈ ಮೊದಲು ಒತ್ತಿತೋ ಹೇಳಲಾರೆ. ಮೂರರ ಬಾಲವೂ ಐದರ ಹೊಟ್ಟೆಯೂ ನಮ್ಮಿಬ್ಬರ ಕೈಗಳ ಕೆಳಗೆ ಎಲ್ಲೋ ಇದ್ದವು. ನಾನು ಬಗ್ಗಿ ನೋಡಲಿಲ್ಲ.